ಕಾರ್ಟೆಲ್‌ಗೆ ಏನನ್ನೋಣ? ಕೂಟವೋ, ಒಳಕೂಟವೋ?

ಗೆಳೆಯರೇ, ಉಡುಪಿಯಿಂದ ಒಂದು ಪದದ ತಕರಾರು.

ವ್ಯಾಪಾರದಲ್ಲಿ ಪೈಪೋಟಿ ಕೆಡದಂತೆ ಕಾಯುವ ಸ್ಪರ್ಧಾ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರುತ್ತಿದ್ದೇನೆ. ಭಾರತೀಯ ಸ್ಪರ್ಧಾ ಆಯೋಗದ ಕೆಲಸ, ದಂಡದ ಲೆಕ್ಕ ಎಲ್ಲ ಹೇಗೋ ದಾಟಿತು. 'ಕಾರ್ಟೆಲ್' ಬಂದಲ್ಲಿ ಪೆನ್ನು ನಿಂತಿತು. ಕಾರ್ಟೆಲ್ ಅಂದರೆ ಪೈಪೋಟಿ ನಡೆಸಬೇಕಾದ ವ್ಯಾಪಾರಿಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಪೈಪೋಟಿ ಬಿಟ್ಟ ಗುಂಪು.

'ಕೂಟ' ಅನ್ನೋಣ ಅಂದರೆ ನಮ್ಮೂರಲ್ಲಿ ಕೂಟ ಅಂದರೆ ತಾಳಮದ್ದಳೆ. ಅಲ್ಲಿ ಅರ್ಥಧಾರಿಗಳು ಎದುರುಬದುರು ಕೂತು ಬೆಳಗಾಗುವ ತನಕ ವಾದ ಮಾಡುತ್ತಾರೆ. ಕಾರ್ಟೆಲ್‌ನಲ್ಲಿ ವಾದವೇ ಇಲ್ಲ, ಅದೇ ಅದರ ರೋಗ. 'ಸಿಂಡಿಕೇಟ್' ಇನ್ನೂ ಕಷ್ಟ. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಬ್ಯಾಂಕಿನ ಹೆಸರದು, 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿಹೋದರೂ ಪಿಗ್ಮಿ ಕಟ್ಟಿದ ಹಿರಿಯರ ಎದುರು ಆ ಪದವನ್ನು ಕಳ್ಳರ ಗುಂಪಿಗೆ ಹಚ್ಚಿದರೆ ಬೈಸಿಕೊಳ್ಳುತ್ತೇನೆ. 'ಬೆಲೆಕೂಟ' ಅಂದರೆ ಅರ್ಧ ಮಾತ್ರ ಆಯಿತು. ಊರು ಹಂಚಿಕೊಳ್ಳುವುದು, ಬೇಕೆಂದೇ ಕಡಿಮೆ ತಯಾರಿಸುವುದು, ಟೆಂಡರಿಗೆ ಮಾತಾಡಿಕೊಂಡು ದರ ಹಾಕುವುದು, ಇವೂ ಕಾರ್ಟೆಲ್ಲೇ.

ಈ ಕೊನೆಯದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಶಾಮಿಯಾನ, ಕುರ್ಚಿ, ಟೇಬಲ್ಲಿಗೆ ಮೂರು ಕಡೆಯಿಂದ ಕೊಟೇಶನ್ ತರಿಸಿದ್ದೆವು. ಮೂರೂ ಬೇರೆ ಬೇರೆ ಲೆಟರ್‌ಹೆಡ್, ದರದಲ್ಲಿ ಐನೂರು ಐನೂರರ ವ್ಯತ್ಯಾಸ. ಆದರೆ ಮೂರರಲ್ಲೂ 'ಊಟದ ಟೇಬಲ್' ಅನ್ನುವುದು 'ಊಟದ ಟೇಲಬ್' ಆಗಿತ್ತು! ಖಜಾಂಚಿಯವರು ಕನ್ನಡಕ ಒರೆಸಿ ಮತ್ತೊಮ್ಮೆ ಓದಿ, "ಮಾರಾಯ್ರೆ, ಇವು ಒಂದೇ ಕಂಪ್ಯೂಟರಿನ ಮೂರು ಮಕ್ಕಳು" ಅಂದರು. ಅವರು ಹೇಳಿದ ಇನ್ನೊಂದು ಮಾತು, "ಒಳಗಿಂದೊಳಗೇ ಮಾತಾಡಿಕೊಂಡಿದ್ದಾರೆ."

ಆ 'ಒಳಗಿಂದೊಳಗೆ' ನನಗೆ ಹಿಡಿಸಿತು. ಚುನಾವಣೆ ಸುದ್ದಿಯಲ್ಲಿ ಸವೆದ 'ಒಳಒಪ್ಪಂದ' ಇಲ್ಲಿಗೆ ಸರಿಯಾಗಿ ಕೂರುತ್ತದೆ. ಯಾಕೆಂದರೆ ಈ ಕಾಯ್ದೆಗೆ ಕಾಗದ, ಸಹಿ ಬೇಕಿಲ್ಲ, ಬಾಯಿಮಾತಿನ ತಿಳುವಳಿಕೆಯೂ ಒಪ್ಪಂದವೇ. ಆದರೆ ಒಳಒಪ್ಪಂದ ಅನ್ನುವುದು ಮಾಡುವ ಕೆಲಸದ ಹೆಸರು. ಕಾಯ್ದೆಯಲ್ಲಿ ಕಾರ್ಟೆಲ್ ಅಂದರೆ ಅದನ್ನು ಮಾಡುವವರ ಗುಂಪು. ಹಾಗಾಗಿ ಕೆಲಸಕ್ಕೆ ಒಳಒಪ್ಪಂದ, ಗುಂಪಿಗೆ 'ಒಳಕೂಟ' ಅಂತ ಬರೆದಿದ್ದೇನೆ. ಕಿವಿಗೆ ಹೇಗಿದೆ?

ಇನ್ನೊಂದು, 'ಲೆನಿಯನ್ಸಿ'. ಒಳಕೂಟದವನೇ ಮೊದಲು ಬಂದು ಗುಟ್ಟು ಬಿಟ್ಟುಕೊಟ್ಟರೆ ದಂಡದಲ್ಲಿ ಶೇ. 100ರವರೆಗೂ ಇಳಿಕೆ, ಎರಡನೆಯವನಿಗೆ ಶೇ. 50, ಮೂರನೆಯವನಿಗೆ ಶೇ. 30ರವರೆಗೆ. 2023ರ ತಿದ್ದುಪಡಿ ಇದಕ್ಕೆ 'ಪ್ಲಸ್' ಸೇರಿಸಿತು: ಒಂದು ಕೇಸಿನಲ್ಲಿ ಸಿಕ್ಕಿಬಿದ್ದವನು ಆಯೋಗಕ್ಕೆ ಗೊತ್ತಿಲ್ಲದ ಇನ್ನೊಂದು ಒಳಕೂಟವನ್ನು ತೋರಿಸಿಕೊಟ್ಟರೆ ಮೊದಲ ಕೇಸಿನ ದಂಡವೂ ಇನ್ನಷ್ಟು ಇಳಿಯುತ್ತದೆ. 'ರಿಯಾಯಿತಿ' ಅಂದರೆ ದೀಪಾವಳಿಯ ಸೀರೆ ಅಂಗಡಿ ನೆನಪಾಗುತ್ತದೆ, ಅಲ್ವಾ? 'ಮಾಫಿಸಾಕ್ಷಿ' ಹತ್ತಿರದ ಪದ, ಆದರೆ ಅದು ಕ್ರಿಮಿನಲ್ ಕೋರ್ಟಿನದು. ಇಲ್ಲಿ ಒಳಕೂಟ ಕಟ್ಟಿದ್ದಕ್ಕೆ ಜೈಲಿಲ್ಲ, ದಂಡ ಮಾತ್ರ. ಸದ್ಯಕ್ಕೆ ಸುಮ್ನೆ 'ದಂಡ ಇಳಿಕೆ' ಅಂತ ಇಟ್ಟಿದ್ದೇನೆ, ಕಾಯ್ದೆಯೂ ಕಡಿಮೆ ದಂಡ ಅಂತಲೇ ಹೇಳುತ್ತದೆ.

ಮಂಗಳೂರಿನ ದಕ್ಕೆ, ಮಲ್ಪೆ ಬಂದರಿನ ಪರಿಚಯ ಇರುವವರಿಗೆ ಒಂದು ಕೇಳಿಕೆ. ಮೀನಿನ ಏಲಂ ಕೂಗುವಾಗ ಖರೀದಿದಾರರೆಲ್ಲ ಮೊದಲೇ ಮಾತಾಡಿಕೊಂಡು ದರ ಏರಿಸದೆ ನಿಂತರೆ ಅದಕ್ಕೆ ಅಲ್ಲಿ ಏನನ್ನುತ್ತಾರೆ? ಬೋಟಿನವರ ಬಾಯಲ್ಲಿ ಒಂದು ಪದ ಇದ್ದೇ ಇರುತ್ತದೆ. ಬೈಗುಳವಾದರೂ ಪರವಾಗಿಲ್ಲ, ಬರೆಯಿರಿ.