‘ವಲ್ನರಬಲ್ ಅಡಲ್ಟ್’ಗೆ ಏನನ್ನೋಣ? ಜೊತೆಗೆ ಹಾಸಿಗೆ ಹುಣ್ಣಿನ ತಕರಾರು

ಎಲ್ಲರಿಗೂ ನಮಸ್ಕಾರ.

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವವರಿಗಾಗಿ ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದ ಮೊದಲ ವಾಕ್ಯದಲ್ಲೇ ‘ವಲ್ನರಬಲ್ ಅಡಲ್ಟ್’ ಎಂದಿದೆ: ಕಾಯಿಲೆ, ಮುಪ್ಪು, ಅಂಗವೈಕಲ್ಯಗಳಿಂದಾಗಿ ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದೆ ಬೇರೆಯವರಿಂದ ಹಾನಿಗೆ ಈಡಾಗಬಹುದಾದ ದೊಡ್ಡವರು ಎಂದು ಅರ್ಥ. ವಾರದಿಂದ ಗಾಡಿ ಅಲ್ಲೇ ನಿಂತಿದೆ.

ಕೈಗೆ ಮೊದಲು ಸಿಗುವುದು ‘ದುರ್ಬಲ’. ಆದರೆ ‘ದುರ್ಬಲ ವರ್ಗ’ ಎಂದು ಓದಿ ಓದಿ ನಮ್ಮ ಕಿವಿಗೆ ಅದು ಬಡತನದ ಮಾತಾಗಿಬಿಟ್ಟಿದೆ. ‘ಅಸಹಾಯಕ’ ಎಂದರೆ ಕೈಚೆಲ್ಲಿ ಕೂತವರು. ‘ಪರಾವಲಂಬಿ’ ಅರ್ಥಕ್ಕೆ ಹತ್ತಿರವೇನೋ ಹೌದು, ಆದರೆ ವಿಜ್ಞಾನದ ಪಾಠದಲ್ಲಿ ಲಾಡಿಹುಳುವಿಗೂ ಅದೇ ಹೆಸರು. ಹೆತ್ತ ತಂದೆಗೆ ಆ ಚೀಟಿ ಅಂಟಿಸಲು ಯಾರಿಗೆ ಮನಸ್ಸು ಬಂದೀತು? ಮೂರಕ್ಕೂ ಇರುವ ಐಬು ಒಂದೇ: ಕೊರತೆಯೆಲ್ಲ ಆ ಮನುಷ್ಯನ ಮೈಯಲ್ಲೇ ಇದೆ ಎನ್ನುತ್ತವೆ. ಮೂಲ ಪದದ ಹೊಟ್ಟೆಯಲ್ಲಿರುವುದು ಲ್ಯಾಟಿನ್ನಿನ ‘ವುಲ್ನಸ್’, ಅಂದರೆ ಗಾಯ. ಸುಲಭವಾಗಿ ಗಾಯವಾಗಬಲ್ಲವರು ಎಂದ ಕೂಡಲೇ, ಗಾಯ ಮಾಡುವವರು ಬೇರೆ ಇದ್ದಾರೆಂಬ ಸುಳಿವೂ ಸಿಕ್ಕಿಬಿಡುತ್ತದೆ. ಕನ್ನಡದ ಮೂರರಲ್ಲೂ ಆ ಎರಡನೆಯವರು ಮಾಯ.

ಇಂಗ್ಲಿಷಿನವರೂ ಈ ಪದವನ್ನು ಮೆಲ್ಲಗೆ ಬಿಡುತ್ತಿದ್ದಾರೆ. ಸ್ಕಾಟ್ಲೆಂಡಿನ 2007ರ ಕಾಯ್ದೆಯಲ್ಲಿ ‘ಅಡಲ್ಟ್ ಅಟ್ ರಿಸ್ಕ್’ ಎಂದಿದೆ. 2014ರ ಕೇರ್ ಆ್ಯಕ್ಟ್ ಬಂದ ಮೇಲೆ ಇಂಗ್ಲೆಂಡಿನಲ್ಲೂ ಹಳೆಯ ಮಾತು ಹಿಂದೆ ಸರಿಯಿತು. ‘ಅಡಲ್ಟ್ ಅಟ್ ರಿಸ್ಕ್’ ಅನ್ನೇ ಮಕ್ಕಿಕಾಮಕ್ಕಿ ‘ಅಪಾಯದಲ್ಲಿರುವ ವಯಸ್ಕರು’ ಎಂದರೆ ನೀರಲ್ಲಿ ಮುಳುಗುತ್ತಿರುವವರು ಕಣ್ಣಮುಂದೆ ಬರುತ್ತಾರೆ. ‘ವಯಸ್ಕ’ದ್ದು ಇನ್ನೊಂದು ತೊಡಕು, ಓದುವಾಗ ಅದು ‘ವಯಸ್ಸಾದವರು’ ಆಗಿಬಿಡುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಮಲಗಿದ ಇಪ್ಪತ್ತೆಂಟರ ಹುಡುಗನೂ ಈ ಮಾತಿನೊಳಗೆ ಬರಬೇಕಲ್ಲ. ಸದ್ಯಕ್ಕೆ ‘ಆಸರೆ ಬೇಕಾದವರು’ ಎಂದು ಬರೆದಿಟ್ಟಿದ್ದೇನೆ. ‘ಆಸರೆ’ ‘ಆಶ್ರಯ’ದ ತದ್ಭವವೇ, ಆದರೂ ಅದಕ್ಕೆ ದಾನದ ವಾಸನೆ ಇಲ್ಲ. ಅಪಾಯದ ಎಳೆ ಮಾತ್ರ ಕೈತಪ್ಪಿತು, ಗೊತ್ತು.

‘ಕೇರ್’ಗೆ ನಮ್ಮಲ್ಲಿ ಬರವಿಲ್ಲ. ‘ಆರೈಕೆ’ಯ ಬೇರು ಹಳಗನ್ನಡದ ‘ಆರಯ್’, ವಿಚಾರಿಸು, ಪರಿಶೀಲಿಸು ಎಂದು. ‘ಶುಶ್ರೂಷೆ’ಯದು ‘ಶ್ರು’ ಧಾತು, ಕೇಳಬೇಕೆಂಬ ಬಯಕೆ. ‘ನೋಡಿಕೊಳ್ಳು’ವುದರಲ್ಲಿ ಕಣ್ಣೇ ಇದೆ. (‘ನಿನ್ನ ನೋಡ್ಕೋತೀನಿ’ ಬೆದರಿಕೆಯೂ ಹೌದೆನ್ನಿ.) ತೊಡಕಿರುವುದು ಆ ಕೆಲಸ ಮಾಡುವವರ ಹೆಸರಿನಲ್ಲಿ. ‘ಆರೈಕೆದಾರ’ ಎಂದರೆ ಗುತ್ತಿಗೆದಾರನ ತಮ್ಮನಂತೆ ಕೇಳಿಸುತ್ತದೆ. ಜನರ ಬಾಯಲ್ಲಿರುವುದು ‘ಹೋಂ ನರ್ಸ್’. ಅದು ಕೈಪಿಡಿಯಲ್ಲಿ ಬರಲೇಕೂಡದು ಎಂಬುದು ನನ್ನ ಹಟ. ನರ್ಸಿಂಗ್ ಓದದವರನ್ನೂ ಹಾಗೇ ಕರೆಯುತ್ತೇವೆ. ಆಮೇಲೆ ‘ಹೇಗೂ ನರ್ಸ್ ತಾನೇ’ ಎಂದು ಇನ್ಸುಲಿನ್ ಸಿರಿಂಜು, ಮೂಗಿನ ನಳಿಕೆಯ ಆಹಾರ ಎಲ್ಲವನ್ನೂ ಅವರಿಗೆ ಒಪ್ಪಿಸಿ ಹೊರಡುತ್ತೇವೆ. ‘ನನಗೆ ಬರಲ್ಲ’ ಎನ್ನಲು ಆ ಹೆಸರೇ ಅವರ ಬಾಯಿ ಕಟ್ಟುತ್ತದೆ.

ಇನ್ನು ‘ಹಾಸಿಗೆ ಹುಣ್ಣು’. ಎಲ್ಲರಿಗೂ ಗೊತ್ತಿರುವ ಪದ, ಆದರೆ ಎರಡೂ ತುದಿಯಲ್ಲಿ ತಪ್ಪು. ಇದಕ್ಕೆ ಕಾರಣ ಹಾಸಿಗೆಯಲ್ಲ, ಒತ್ತಡ: ಮೂಳೆ ಮತ್ತು ಹಾಸಿನ ನಡುವೆ ಚರ್ಮ ಸಿಕ್ಕಿಕೊಂಡು ರಕ್ತ ಹರಿಯದೇ ಹೋಗುವುದು. ಗಾಲಿಕುರ್ಚಿಯಲ್ಲಿ ದಿನವಿಡೀ ಕೂತವರಿಗೂ ಬರುತ್ತದೆ. ‘ಹುಣ್ಣು’ ಅದಕ್ಕಿಂತ ಕೆಟ್ಟದ್ದು. ಮೊದಲ ಹಂತದಲ್ಲಿ ಚರ್ಮ ಒಡೆದಿರುವುದೇ ಇಲ್ಲ. ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಚದ ಕೆಂಪು ಕಲೆ, ಅಷ್ಟೇ. ಅಮೆರಿಕದ ತಜ್ಞರ ಮಂಡಳಿ 2016ರಲ್ಲಿ ‘ಪ್ರೆಷರ್ ಅಲ್ಸರ್’ (ಒತ್ತಡದ ಹುಣ್ಣು) ಅನ್ನು ‘ಪ್ರೆಷರ್ ಇಂಜುರಿ’ (ಒತ್ತಡದ ಗಾಯ) ಎಂದು ಬದಲಿಸಿದ್ದಕ್ಕೆ ಇದೂ ಒಂದು ಕಾರಣ. ನಮ್ಮ ಕಪ್ಪು, ಕಂದು ಮೈಗಳಲ್ಲಿ ಆ ಕೆಂಪೂ ಸರಿಯಾಗಿ ಕಾಣದು. ಅಂಗೈ ಇಟ್ಟು ನೋಡಬೇಕು: ಆ ಜಾಗ ಸುತ್ತಲಿಗಿಂತ ಬಿಸಿಯೋ, ಗಟ್ಟಿಯೋ, ಮೆತ್ತಗೋ ಎಂದು. ಹುಣ್ಣು ಎಂದು ಹೇಳಿಕೊಟ್ಟರೆ ಹುಣ್ಣಾಗುವ ತನಕ ಕಾಯುತ್ತಾರೆ. ‘ಒತ್ತಡದ ಗಾಯ’ ಎಂದರೆ ಮಾನಸಿಕ ಒತ್ತಡದ ನೆನಪು ಬರುತ್ತದೆ. ‘ಒತ್ತುಗಾಯ’ ಹೇಗೆ? ಮೊದಲ ಹಂತಕ್ಕೆ ‘ಚರ್ಮ ಕಂದುವುದು’?

ಇದರಲ್ಲಿ ಇಷ್ಟು ಹಟ ಯಾಕೆಂದರೆ, ನಮ್ಮ ಚಿಕ್ಕಮ್ಮ ಮೂರು ತಿಂಗಳು ಮಲಗಿದಲ್ಲೇ ಇದ್ದರು. ನೋಡಿಕೊಳ್ಳಲು ಏಜೆನ್ಸಿಯೊಂದರ ಕಡೆಯಿಂದ ಒಬ್ಬ ಹುಡುಗಿ ಇದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂದು ಏಜೆನ್ಸಿಯ ಕಟ್ಟಳೆ. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ಪುಸ್ತಕದಲ್ಲಿ ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆ, ಎಲ್ಲದರ ಮುಂದೆ ಒಂದೇ ಪೆನ್ನಿನಲ್ಲಿ ‘ಎಡಕ್ಕೆ’, ‘ಬಲಕ್ಕೆ’ ಎಂದು ಆಗಲೇ ತುಂಬಿತ್ತು. ಕೇಳಿದರೆ ಆ ಹುಡುಗಿ ತಲೆ ತಗ್ಗಿಸಿ, “ಒಬ್ಬಳ ಕೈಲಿ ಹೊರಳಿಸಕ್ಕಾಗಲ್ಲ ಅಕ್ಕ, ಏಜೆನ್ಸಿಗೆ ಮೊದಲನೇ ದಿನಾನೇ ಹೇಳಿದ್ದೆ” ಅಂದಳು. ಚಿಕ್ಕಮ್ಮನ ಬಾಲಮೂಳೆಯ ಹತ್ತಿರ ಆಗಲೇ ನಾಣ್ಯದಗಲ ಚರ್ಮ ಸುಲಿದಿತ್ತು.

ಕೊನೆಯ ಪ್ರಶ್ನೆ ಇಲ್ಲಿಂದಲೇ ಹುಟ್ಟಿದ್ದು. ಇಂಗ್ಲಿಷಿನಲ್ಲಿ ‘ನೆಗ್ಲಿಜೆನ್ಸ್’ (ಎಚ್ಚರ ತಪ್ಪಿದ್ದು) ಬೇರೆ, ‘ನೆಗ್ಲೆಕ್ಟ್’ (ಬೇಕಾದ ಆರೈಕೆ ಸಿಗದಂತೆ ಬಿಟ್ಟದ್ದು) ಬೇರೆ. ನಾವು ಎರಡಕ್ಕೂ ‘ನಿರ್ಲಕ್ಷ್ಯ’ ಎಂದು ಮುಗಿಸುತ್ತೇವೆ. ಲಕ್ಷ್ಯವಿಲ್ಲದ್ದು ನಿರ್ಲಕ್ಷ್ಯ, ಸರಿ. ಆದರೆ ಆ ಹುಡುಗಿಗೆ ಲಕ್ಷ್ಯವಿತ್ತು, ಇನ್ನೊಂದು ಜೊತೆ ಕೈ ಇರಲಿಲ್ಲ. ಏಜೆನ್ಸಿಗೆ ಗೊತ್ತಿತ್ತು. ಅವಳು ಏದುಸಿರು ಬಿಡುವುದನ್ನು ನಾವೂ ಕಂಡಿದ್ದೆವು. ‘ಉಪೇಕ್ಷೆ’ಯೊಳಗೆ ‘ಈಕ್ಷ್’ ಇದೆ, ನೋಡುವುದು. ಕಂಡೂ ಹಾಗೇ ಬಿಡುವುದು ಉಪೇಕ್ಷೆ. ‘ನೆಗ್ಲೆಕ್ಟ್’ ಅಧ್ಯಾಯಕ್ಕೆ ಅದನ್ನೇ ಇಡಬೇಕೆಂದಿದ್ದೇನೆ. ಕೆಲಸದವರಿಗೆ ತೀರಾ ಪುಸ್ತಕದ ಮಾತಾದೀತೇ? ಆಗುವುದಾದರೆ ‘ಕಂಡೂ ಬಿಟ್ಟದ್ದು’ ಎಂದು ಬಿಡಿಸಿ ಬರೆಯಲೇ?

ಹಾಸಿಗೆ ಹಿಡಿದವರ ಮೈಯಲ್ಲಿ ಮೊದಲು ಕಾಣುವ ಆ ಕಲೆಗೆ ನಿಮ್ಮ ಮನೆಗಳಲ್ಲಿ ಏನಾದರೂ ಮಾತು ಇದ್ದರೆ ಅದನ್ನೂ ತಿಳಿಸಿ.