ನಿವೃತ್ತಿಯ ಬೆನ್ನಿಗೇ ಲಾಕ್‌ಡೌನ್: ಇಬ್ಬರೇ ಇರುವ ಮನೆಯಲ್ಲಿ ದಿನ ಕಳೆದವರ ಅನುಭವ ಬೇಕು

ಕೋರಿಕೆ: ದಾವಣಗೆರೆ, ಮೇ 2021

ನಾನು ಕಳೆದ ಮಾರ್ಚ್ 31ರಂದು ಸರ್ಕಾರಿ ಸೇವೆಯಿಂದ ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಹೊದಿಸಿದ ಶಾಲಿನ ಮಡಿಕೆ ಬಿಚ್ಚುವ ಮೊದಲೇ, ಏಪ್ರಿಲ್ 27ರ ರಾತ್ರಿ 9 ಗಂಟೆಯಿಂದ ರಾಜ್ಯವೆಲ್ಲ ಮತ್ತೆ ಬಾಗಿಲು ಹಾಕಿಕೊಂಡಿತು. ಮಕ್ಕಳಿಬ್ಬರೂ ಹೊರರಾಜ್ಯದಲ್ಲಿದ್ದಾರೆ, ಮನೆಯಲ್ಲಿ ಪತ್ನಿ ಮತ್ತು ನಾನು ಇಬ್ಬರೇ. ಬೆಳಿಗ್ಗೆ 6ರಿಂದ 10ರೊಳಗೆ ಹಾಲು, ತರಕಾರಿ ತಂದಿಟ್ಟರೆ ಮುಗಿಯಿತು. ಉಳಿದ ದಿನವನ್ನು ಏನು ಮಾಡುವುದೆಂದು ತೋಚುವುದಿಲ್ಲ, ಸಣ್ಣ ಮಾತಿಗೂ ಇಬ್ಬರಿಗೂ ಸಿಡಿಮಿಡಿ. ಕಳೆದ ವರ್ಷದ ಲಾಕ್‌ಡೌನನ್ನು ಹೀಗೆಯೇ ಇಬ್ಬರೇ ಇದ್ದು ಕಳೆದ ಹಿರಿಯರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಮೈಸೂರಿನಿಂದ, ನಿವೃತ್ತ ಬ್ಯಾಂಕ್ ನೌಕರ

ನೀವು ಬರೆದದ್ದನ್ನು ಓದಿದಾಗ ಕಳೆದ ವರ್ಷದ ನನ್ನ ಮುಖವನ್ನೇ ಕನ್ನಡಿಯಲ್ಲಿ ಕಂಡಂತಾಯಿತು. 2020ರ ಮಾರ್ಚ್ 25, ಯುಗಾದಿ. ಬೇವುಬೆಲ್ಲ ತಿಂದು, 21 ದಿನ ತಾನೇ ಎಂದುಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ 14ರ ಸುತ್ತ ಕೆಂಪು ಗೆರೆ ಎಳೆದೆ. ಅದು ಮೇ 3ಕ್ಕೆ ಹೋಯಿತು, ಅಲ್ಲಿಂದ 17ಕ್ಕೆ, ಅಲ್ಲಿಂದ 31ಕ್ಕೆ. ಆಮೇಲೆ ನಾನು ಪೆನ್ನನ್ನೇ ಒಳಗಿಟ್ಟೆ. ಮುಗಿಯುವ ದಿನವನ್ನು ಎಣಿಸಲು ಹೋಗಬೇಡಿ ಎಂಬುದಷ್ಟನ್ನು ಆ ಕ್ಯಾಲೆಂಡರು ನನಗೆ ಕಲಿಸಿತು.

ಇನ್ನು ಸಿಡಿಮಿಡಿಯ ವಿಷಯ. ಮೂವತ್ತಾರು ವರ್ಷ ನಾನು ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಟ್ಟು ಸಂಜೆ ಏಳಕ್ಕೆ ಮರಳುತ್ತಿದ್ದವನು. ನಿವೃತ್ತನಾದ ಮೇಲೂ ಕುಕ್ಕರಹಳ್ಳಿ ಕೆರೆಯ ಏರಿ, ಗ್ರಂಥಾಲಯ, ಸ್ನೇಹಿತರ ಕಾಫಿ ಎಂದು ಅರ್ಧ ದಿನವನ್ನು ಹೊರಗೇ ಕಳೆಯುತ್ತಿದ್ದೆ. ಹೀಗಾಗಿ ಹಗಲು ಹೊತ್ತಿನಲ್ಲಿ ನಮ್ಮ ಮನೆ ಹೇಗೆ ನಡೆಯುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಲಾಕ್‌ಡೌನಿನ ಎರಡನೆಯ ವಾರದ ಹೊತ್ತಿಗೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕುಕ್ಕರಿನ ಕೂಗು ಎಣಿಸುತ್ತಿದ್ದೆ, ಕುದಿಯುವ ಪಾತ್ರೆಯ ಮುಚ್ಚಳ ತೆಗೆದು ಇಣುಕಿ ಅದನ್ನು ಓರೆಯಾಗಿ ಇಟ್ಟು ಬರುತ್ತಿದ್ದೆ, ಸಾಲದೆಂಬಂತೆ ಎಲ್ಲ ಡಬ್ಬಿಗಳಿಗೂ ಚೀಟಿ ಅಂಟಿಸಿ ಅಕಾರಾದಿಯಾಗಿ ಜೋಡಿಸಿ ಅದನ್ನು ಉಪಕಾರವೆಂದೇ ನಂಬಿದ್ದೆ. ಒಂದು ಮಧ್ಯಾಹ್ನ, ಒಲೆಯ ಮೇಲೆ ಬೇಳೆ ಕುದಿಯುತ್ತಿರುವಾಗ ಹುಳಿಪುಡಿ ಕೈಗೆ ಸಿಗದೆ ಸಾಕಾದ ಪತ್ನಿ, “ನಾನು ಎಂದಾದರೂ ನಿಮ್ಮ ಬ್ಯಾಂಕಿಗೆ ಬಂದು ಲೆಡ್ಜರ್ ಜೋಡಿಸಿದ್ದುಂಟೆ?” ಎಂದು ಕೇಳಿದರು. ದನಿ ಏರಿಸಿರಲಿಲ್ಲ, ಅದೇ ಹೆಚ್ಚು ನಾಟಿತು. ಚೀಟಿಗಳನ್ನು ಅಂದೇ ಕಿತ್ತೆ. ಕೆಲವು ಡಬ್ಬಿಗಳ ಮೇಲೆ ಅಂಟಿನ ಕಲೆ ಈಗಲೂ ಇದೆ.

ಆಮೇಲೆ ಇಬ್ಬರೂ ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ಬೆಳಗಿನ ಕಾಫಿ ಮತ್ತು ರಾತ್ರಿಯ ಪಾತ್ರೆ ಪೂರ್ತಿಯಾಗಿ ನನ್ನವು: ಡಿಕಾಕ್ಷನ್ ಹಾಕುವುದರಿಂದ ಕಾಫಿಪುಡಿ ಮುಗಿಯುತ್ತಿದೆಯೇ ಎಂದು ನೋಡಿಕೊಳ್ಳುವವರೆಗೆ ಯಾರನ್ನೂ ಕೇಳುವಂತಿಲ್ಲ. ನಡುವೆ ಬಂದು ಕೈಹಾಕಿ ನಡುವೆಯೇ ಬಿಟ್ಟುಹೋಗುವ ಸಹಾಯದಿಂದ ಅವರಿಗೆ ಕೆಲಸ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಮಧ್ಯಾಹ್ನ 2ರಿಂದ 4ರವರೆಗೆ ಅವರು ಒಳಕೋಣೆಯಲ್ಲಿ, ನಾನು ಹಜಾರದಲ್ಲಿ. ಮನೆಗೆ ಬೆಂಕಿ ಬೀಳದ ಹೊರತು ಒಬ್ಬರನ್ನೊಬ್ಬರು ಕರೆಯುವುದಿಲ್ಲ. ಆ ಎರಡು ಗಂಟೆ ದೂರವಿದ್ದುದರಿಂದಲೇ ಸಂಜೆ ನಾಲ್ಕಕ್ಕೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು.

ನಡಿಗೆ ತಪ್ಪಿದರೆ ನಿದ್ರೆಯೂ ತಪ್ಪುತ್ತದೆ. ನಮ್ಮ ತಾರಸಿ 25 ಅಡಿ ಅಗಲ, 35 ಅಡಿ ಉದ್ದ. ಒಂದು ಸುತ್ತಿಗೆ 120 ಅಡಿ, ಅಂದರೆ 27 ಸುತ್ತಿಗೆ ಸುಮಾರು ಒಂದು ಕಿಲೋಮೀಟರ್. ಲೆಕ್ಕ ತಪ್ಪದಿರಲು ಪ್ಯಾರಾಪೆಟ್ ಗೋಡೆಯ ಮೇಲೆ 27 ಹುಣಸೆಬೀಜ ಇಟ್ಟು, ಸುತ್ತಿಗೊಂದರಂತೆ ಆಚೆಗೆ ಸರಿಸುತ್ತಿದ್ದೆ.

ಸಾಗರದಿಂದ, ಗೃಹಿಣಿ

ಮೈಸೂರಿನವರು ಬರೆದದ್ದು ಸರಿ. ಆದರೆ ಕೋರಿಕೆಯಲ್ಲಿರುವ ‘ಏನು ಮಾಡುವುದೆಂದು ತೋಚುವುದಿಲ್ಲ’ ಎಂಬ ಮಾತನ್ನು ನಿಮ್ಮ ಪತ್ನಿ ಹೇಳಿರಲಾರರು ಎಂಬುದು ನನ್ನ ಊಹೆ. ಕಳೆದ ವರ್ಷ ಮನೆಗೆಲಸದವಳನ್ನು ಬರಬೇಡವೆಂದು ಹೇಳಿ ಸಂಬಳ ಮಾತ್ರ ಕಳಿಸುತ್ತಿದ್ದೆವು. ಅವಳ ಕೆಲಸ ನನಗೆ ಬಂತು, ಅದರ ಮೇಲೆ ಹನ್ನೊಂದರ ಕಾಫಿ, ನಾಲ್ಕರ ಕರಿದ ತಿಂಡಿ, ದಿನಕ್ಕೆ ಮೂರು ಸಲ ಅಮೃತಬಳ್ಳಿ ಕಷಾಯ. ಆ ಕಷಾಯವನ್ನು ಯಾರೋ ಮೊಬೈಲಿಗೆ ಕಳಿಸಿದ ಸಂದೇಶ ನೋಡಿ ಶುರುಮಾಡಿದ ನಮ್ಮವರಿಗೆ ಹದಿನೈದು ದಿನದಲ್ಲಿ ಹೊಟ್ಟೆಯುರಿ ಬಂದು, ವೈದ್ಯರು ಫೋನಿನಲ್ಲೇ ಗದರಿಸಿ ಬಿಡಿಸಿದರು.

ನಮ್ಮನ್ನು ಕಾಪಾಡಿದ್ದು ಹಲಸಿನ ಹಪ್ಪಳ. ಏಪ್ರಿಲ್, ಮೇ ಎಂದರೆ ಮಲೆನಾಡಿನಲ್ಲಿ ಅದರ ಕಾಲವೇ. ಮಕ್ಕಳು ಬರುವುದಿಲ್ಲವೆಂದು ಆ ವರ್ಷ ಬೇಡವೆಂದುಕೊಂಡಿದ್ದೆ. ಹಿತ್ತಿಲ ಮರದ ಕಾಯಿಗಳು ಕಣ್ಣೆದುರೇ ಹಣ್ಣಾಗಿ ಹಾಳಾಗುವುದನ್ನು ನೋಡಲಾರದೆ ನಮ್ಮವರೇ ಒಂದನ್ನು ಇಳಿಸಿ, ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಕೂತರು. ಬಲಿತ ಕಾಯಿಯ ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಉಪ್ಪು, ಮೆಣಸಿನಪುಡಿ, ಕೊತ್ತಂಬರಿ ಬೀಜ ಸೇರಿಸಿ ಒರಳಿನಲ್ಲಿ ಕುಟ್ಟಬೇಕು. ಆರಿದರೆ ಹಿಟ್ಟು ಒಗ್ಗೂಡುವುದಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು, ಮೊದಲ ದಿನ ಪ್ರತಿ ಹಪ್ಪಳದ ಅಗಲವನ್ನು ಸ್ಕೇಲಿನಿಂದ ಅಳೆದರು. ಅಳೆಯುವಷ್ಟರಲ್ಲಿ ಹಿಟ್ಟು ಆರಿತು. ಎರಡನೆಯ ದಿನ ಸ್ಕೇಲು ಕಾಣಲಿಲ್ಲ. ನಾನು ಉಂಡೆ ಕಟ್ಟುವುದು, ಅವರು ಎಣ್ಣೆ ಸವರಿದ ಬಾಳೆಲೆಯ ನಡುವೆ ಇಟ್ಟು ಮಣೆಯಿಂದ ಒತ್ತುವುದು, ಬಿಸಿಲಿಗೆ ಹಾಕಿದ ಚಾಪೆಯ ಪಕ್ಕ ಕೋಲು ಹಿಡಿದು ಕಾಗೆ ಕಾಯುವುದು, ಮೋಡ ಕಂಡೊಡನೆ ಇಬ್ಬರೂ ಓಡುವುದು, ಹೀಗೆ ಮೂರು ವಾರ ಹೋಯಿತು. ನಾನೂರು ಚಿಲ್ಲರೆ ಹಪ್ಪಳವಾಯಿತು, ಬೀದಿಯ ಪ್ರತಿ ಮನೆಯ ಗೇಟಿಗೂ ಪೊಟ್ಟಣ ಕಟ್ಟಿ ಬಂದೆವು.

ಹುಬ್ಬಳ್ಳಿಯಿಂದ, ನಿವೃತ್ತ ದಾದಿ

ಈ ಸಲದ ಕೋವಿಡ್ ಅಲೆ ಕಳೆದ ವರ್ಷದಂತಲ್ಲ, ಆದ್ದರಿಂದ ಔಷಧದ ಏರ್ಪಾಡನ್ನು ಮೊದಲು ಮಾಡಿಕೊಳ್ಳಿ. ಬಿ.ಪಿ., ಸಕ್ಕರೆ, ಥೈರಾಯ್ಡ್ ಮಾತ್ರೆಗಳು ಒಂದು ತಿಂಗಳಿಗೆ ಸಾಲುವಷ್ಟು ಮನೆಯಲ್ಲಿರಲಿ. ಫೋನಿನಲ್ಲಿ ಅಥವಾ ವಿಡಿಯೊದಲ್ಲಿ ನೋಡಿ ಔಷಧ ಬರೆದುಕೊಡಲು ವೈದ್ಯರಿಗೆ 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಅವಕಾಶವಿದೆ, ಬಿ.ಪಿ. ತೋರಿಸುವ ಸಲುವಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಡಿ. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಕೊಂಡಿದ್ದರೆ ಐದು ನಿಮಿಷ ಸುಮ್ಮನೆ ಕೂತು, ಕೈ ಬೆಚ್ಚಗಾದ ಮೇಲೆ ಹಾಕಿ, ಅಂಕಿ ಒಂದೆಡೆ ನಿಲ್ಲುವವರೆಗೆ ಕಾಯಿರಿ. ಮೆಹಂದಿ, ಉಗುರುಬಣ್ಣ ಇದ್ದ ಬೆರಳಿನಲ್ಲಿ ಅದು ತಪ್ಪು ತೋರಿಸಬಹುದು. 94ಕ್ಕಿಂತ ಕೆಳಗಿಳಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಕೋವಿಶೀಲ್ಡ್ ಲಸಿಕೆಯ ಎರಡನೆಯ ಡೋಸಿಗೆ 2021ರ ಈ ಮೇ ತಿಂಗಳಲ್ಲಿ 12ರಿಂದ 16 ವಾರಗಳ ಅಂತರ ನಿಗದಿಯಾಗಿರುವುದರಿಂದ, ಮುಂದಕ್ಕೆ ಹೋಯಿತೆಂದು ಗಾಬರಿ ಬೇಡ.

ಇನ್ನೊಂದು ಮಾತು. ಕಳೆದ ಆಗಸ್ಟಿನಲ್ಲಿ ನನಗೇ ಜ್ವರ ಬಂದು ಕೋಣೆ ಸೇರಿದಾಗ, ಫೋನಿನಲ್ಲಿ ವೈದ್ಯರು ಕೇಳಿದ ಪ್ರಶ್ನೆಗಳಿಗೆ ನನ್ನ ಯಜಮಾನರು “ಬಿಳಿ ಗುಳಿಗೆ ಒಂದು, ಅರ್ಧ ಹಳದಿ” ಎಂದು ಉತ್ತರ ಕೊಡುತ್ತಿದ್ದುದು ಬಾಗಿಲಾಚೆಯಿಂದ ಕೇಳಿಸುತ್ತಿತ್ತು. ಮೂವತ್ತು ವರ್ಷ ಊರವರ ಗುಳಿಗೆ ಬರೆದಿಟ್ಟ ನಾನು ನನ್ನದನ್ನೇ ಬರೆದಿಟ್ಟಿರಲಿಲ್ಲ. ಇಬ್ಬರ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಬೆಂಗಳೂರಿನಿಂದ

ವೇಳಾಪಟ್ಟಿ, ಒಪ್ಪಂದ ಎಲ್ಲ ನಮ್ಮಿಂದ ಆಗಲಿಲ್ಲ. ಎರಡು ಕೋಣೆಯ ಫ್ಲಾಟು. ಎದುರು ಮನೆಯವರಿಗೆ ಸೋಂಕು ಬಂದು ಮಹಡಿಯನ್ನೇ ಸೀಲ್‌ಡೌನ್ ಮಾಡಿದ್ದರಿಂದ ತಾರಸಿಯೂ ಇರಲಿಲ್ಲ. ನಾವು ಮಾಡಿದ್ದು ಒಂದೇ: ಟಿ.ವಿ. ವಾರ್ತೆಯನ್ನು ಸಂಜೆ ಅರ್ಧ ಗಂಟೆಗೆ ಇಳಿಸಿದೆವು. ಸಾವಿನ ಸಂಖ್ಯೆ ದಿನವಿಡೀ ಪರದೆಯ ಕೆಳಗೆ ಓಡುವುದು ನಿಂತ ಮೇಲೆ ಜಗಳ ಅರ್ಧಕ್ಕೆ ಇಳಿಯಿತು.

ಶಿವಮೊಗ್ಗದಿಂದ, ನಿವೃತ್ತ ಶಿಕ್ಷಕಿ

ಹೇಳಬೇಕೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ಈ ತಿಂಗಳು ನನ್ನ ಅಕ್ಕ ತೀರಿಕೊಂಡಳು. ಹೋಗಲಾಗಲಿಲ್ಲ, ಕೊನೆಯ ಕಾರ್ಯವನ್ನು ಫೋನಿನ ಪರದೆಯಲ್ಲಿ ನೋಡಿದೆ, ಅದೂ ನಡುವೆ ಎರಡು ಸಲ ನಿಂತುಹೋಯಿತು. ಮರುದಿನದಿಂದ ನನ್ನವರು ನನ್ನನ್ನು ನಗಿಸಲು ಪಟ್ಟ ಪಾಡಿನಿಂದಲೇ ನನಗೆ ಸಿಟ್ಟು ಬರುತ್ತಿತ್ತು. ಏನೂ ಹೇಳದೆ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸಿಕೊಟ್ಟ ದಿನ ಅಳು ಬಂತು, ಆಮೇಲೆ ಊಟ ಮಾಡಿದೆ. ನಿಮ್ಮ ಮನೆಯಲ್ಲೂ ಸಿಡಿಮಿಡಿಯ ಹಿಂದೆ ಇಂಥದ್ದೇನಾದರೂ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಮೈಸೂರಿನಿಂದ, ಮೊದಲು ಬರೆದವರೇ

ಕ್ಷೌರದಂಗಡಿಯ ವಿಷಯವನ್ನು ಯಾರೂ ಎತ್ತಲಿಲ್ಲ, ಅದರ ಅಗತ್ಯ ನಿಮಗೆ ಬೇಗನೆ ಬೀಳುತ್ತದೆ. ಹಳೆಯ ಸೀರೆಯನ್ನು ಕೊರಳಿಗೆ ಸುತ್ತಿ, ಕೂದಲನ್ನು ಒದ್ದೆಮಾಡಿ, ಬಾಚಣಿಗೆಯಿಂದ ಎತ್ತಿ ಅದರ ಮೇಲೆ ಉಳಿದಷ್ಟನ್ನು ಮಾತ್ರ ಕತ್ತರಿಸಲು ಪತ್ನಿಗೆ ಹೇಳಿ. ಒದ್ದೆ ಕೂದಲು ಒಣಗಿದ ಮೇಲೆ ಇನ್ನಷ್ಟು ಗಿಡ್ಡವಾಗಿ ಕಾಣುತ್ತದೆ, ಆದ್ದರಿಂದ ಸಾಕೆನಿಸುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಬೇಕು. ನಮ್ಮ ಮನೆಯಲ್ಲಿ ಅದು ಗೊತ್ತಾಗುವಷ್ಟರಲ್ಲಿ ನನ್ನ ಹಿಂದಲೆಯ ಎರಡು ಕಡೆ ಇಲಿ ಕಡಿದಂತಾಗಿತ್ತು.