ಸ್ಕೂಲ್ ಬಸ್ಸನ್ನು ಮನೆ ಮಾಡುತ್ತಿದ್ದೇವೆ, ಈ ಪ್ಲಾನ್ ನಡೆಯುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಟೆಕ್ಸಾಸ್‌ನಲ್ಲಿದ್ದೇವೆ. ಹರಾಜಿನಲ್ಲಿ ಒಂದು ಹಳೇ ಸ್ಕೂಲ್ ಬಸ್ ತಗೊಂಡೆವು, ಎಂಜಿನ್ ಮುಂದೆ ಇರುವಂಥದ್ದು. ಸೀಟೆಲ್ಲ ಬಿಚ್ಚಿ ಆಯ್ತು. ಡ್ರೈವರ್ ಸೀಟಿನಿಂದ ಹಿಂಬಾಗಿಲವರೆಗೆ 30 ಅಡಿ ಉದ್ದ, ಏಳೂವರೆ ಅಡಿ ಅಗಲ ಸಿಗುತ್ತದೆ. ಇರುವುದು ನಾವಿಬ್ಬರು, 5 ವರ್ಷದ ಮಗಳು. ತೀರಾ ಹಿಂದೆ ಅಡ್ಡಲಾಗಿ ಮಂಚ, ಅದರ ಕೆಳಗೆ 100 ಗ್ಯಾಲನ್ ನೀರಿನ ಟ್ಯಾಂಕ್, ನಡುವೆ ಬಾತ್‌ರೂಮ್, ಮುಂದೆ ಅಡುಗೆಮನೆ ಮತ್ತು ಸೋಫಾ. ನನ್ನ ಎತ್ತರ 6 ಅಡಿ. ಸರಿ ಇದೆಯಾ?

ಉತ್ತರ: ಅರ್ಧ ಸರಿ ಇದೆ. ನೀವು ಉದ್ದ ಅಗಲ ಹೇಳಿದಿರಿ, ಎತ್ತರ ಹೇಳಲಿಲ್ಲ. ಈ ಬಸ್ಸುಗಳ ಒಳಗೆ ನಡುಮಧ್ಯೆ ಕೆಲವಕ್ಕೆ 6 ಅಡಿ, ಕೆಲವಕ್ಕೆ ಆರೂವರೆ ಅಡಿ ಇರುತ್ತದೆ. ಅದರಲ್ಲಿ ನೆಲದ ಇನ್ಸುಲೇಶನ್ (ಬಿಸಿ, ಚಳಿ ತಡೆಯುವ ಪದರ), ಪ್ಲೈವುಡ್, ಚಾವಣಿಯ ಹಲಗೆ ಸೇರಿ ಮೂರು ಇಂಚು ಆರಾಮಾಗಿ ತಿನ್ನುತ್ತವೆ. ನಿಮ್ಮ ಬಸ್ಸು ಒಳಗೆ 6 ಅಡಿಯದಾದರೆ ಇಡೀ ದಿನ ಕತ್ತು ಬಗ್ಗಿಸಿ ಓಡಾಡಬೇಕು. ಛಾವಣಿ ಎತ್ತಿಸುವುದು ದೊಡ್ಡ ವೆಲ್ಡಿಂಗ್ ಕೆಲಸ.

ಇನ್ನೊಂದು ವಿಷಯ, ಚಾವಣಿ ಕಮಾನಿನ ಹಾಗೆ ಬಾಗಿದೆ. ಗೋಡೆಗೆ ಅಂಟಿಸಿ ಶವರ್ ಹಾಕಿದರೆ ತಲೆ ತಾಗುತ್ತದೆ. ನೀವು ನಿಲ್ಲುವ ಜಾಗ ಓಡಾಡುವ ದಾರಿಯ ಕಡೆಗಿರಲಿ, ಶಾಂಪೂ ಬಾಟಲಿ ಗೋಡೆ ಕಡೆಗಿರಲಿ.

ಈಗ ನೀರು. ಒಂದು ಗ್ಯಾಲನ್‌ಗೆ 8.3 ಪೌಂಡ್ ಲೆಕ್ಕ ಹಾಕಿ. 100 ಗ್ಯಾಲನ್ ಅಂದರೆ 830 ಪೌಂಡ್, ಹತ್ತಿರ ಹತ್ತಿರ 375 ಕಿಲೋ. ಅಷ್ಟನ್ನು ಹಿಂದಿನ ಚಕ್ರದ ಆಚೆ, ಬಸ್ಸಿನ ಬಾಲದಲ್ಲಿ ಕೂರಿಸಿದರೆ ಮುಂದಿನ ಚಕ್ರದ ಮೇಲಿನ ಭಾರ ಕಮ್ಮಿಯಾಗುತ್ತದೆ. ಸ್ಟೀರಿಂಗ್ ಹಗುರ ಅನ್ನಿಸತೊಡಗಿದರೆ ಖುಷಿಪಡಬೇಡಿ! ಟ್ಯಾಂಕ್ ಹಿಂದಿನ ಚಕ್ರಕ್ಕಿಂತ ಮುಂದೆ, ಕೆಳಗೆ ಬರಲಿ. ಅದು ಎಡಕ್ಕೆ ಬಂದರೆ ಬ್ಯಾಟರಿ, ಫ್ರಿಜ್ ಬಲಕ್ಕೆ.

ಚಕ್ರದ ಮೇಲೆ ನೆಲ ಉಬ್ಬಿರುತ್ತದಲ್ಲ, ಅದನ್ನು ಬೀರು ಅಥವಾ ಬೆಂಚಿನೊಳಗೆ ಮುಚ್ಚಿಬಿಡಿ. ಶವರ್ ಅಲ್ಲಿಗೆ ಬಂದರೆ ಕಾಲಿಡಲು ಜಾಗ ಇರುವುದಿಲ್ಲ.

ಅಡ್ಡ ಮಂಚಕ್ಕೆ ನನ್ನ ತಕರಾರಿಲ್ಲ, 6 ಅಡಿಯವರು ಕಾಲು ಚಾಚಬಹುದು. ಒಳಗಡೆ ಮಲಗಿದವರು ರಾತ್ರಿ ಏಳಬೇಕೆಂದರೆ ಇನ್ನೊಬ್ಬರನ್ನು ದಾಟಬೇಕು, ಅಷ್ಟೆ. ಆದರೆ ಹಿಂಬಾಗಿಲು ಸುಮ್ನೆ ಇಟ್ಟಿದ್ದಲ್ಲ. ಅಡುಗೆಮನೆ ಮುಂದಿದೆ, ಬೆಂಕಿ ಹತ್ತಿದರೆ ನಿಮಗೆ ಉಳಿಯುವ ದಾರಿ ಅದೊಂದೇ. ಹಾಸಿಗೆಯಿಂದಲೇ ಚಿಲಕ ಕೈಗೆ ಸಿಗಬೇಕು.

ಪ್ರಶ್ನೆ: ಮಗಳನ್ನು ಸೋಫಾದಲ್ಲಿ ಕೂರಿಸಿ ಬೆಲ್ಟ್ ಹಾಕಿದರೆ ಸಾಕಲ್ವಾ?

ಉತ್ತರ: ಸಾಲದು. ಪಕ್ಕಕ್ಕೆ ಮುಖ ಮಾಡಿದ ಸೋಫಾದ ಮೇಲೆ ಮಕ್ಕಳ ಕಾರ್ ಸೀಟ್ ಕಟ್ಟುವಂತಿಲ್ಲ. ಬೆಲ್ಟ್ ಸಮೇತ ಬರುವ, ಮುಂದಕ್ಕೆ ಮುಖ ಇರುವ ಬಸ್ ಸೀಟನ್ನೇ ತಂದು, ಪ್ಲೈವುಡ್‌ಗಲ್ಲ, ಕೆಳಗಿನ ಉಕ್ಕಿಗೆ ಬೋಲ್ಟ್ ಹಾಕಿಸಿ. ಇದರ ಜಾಗ ಮೊದಲು ಗುರುತು ಮಾಡಿ, ಅಡುಗೆಮನೆ ಆಮೇಲೆ.

ಪ್ರಶ್ನೆ: ಅಡುಗೆಮನೆಗೆ ಎಷ್ಟು ಬಿಡಲಿ? ಮನೆಯವರು ಕೇಳುತ್ತಿದ್ದಾರೆ, ಊರಿಂದ ತಂದ ಗ್ರೈಂಡರ್ ಓಡುತ್ತಾ ಅಂತ.

ಉತ್ತರ: ಅದು 230 ವೋಲ್ಟಿನದು, ನಿಮ್ಮ ಇನ್ವರ್ಟರ್ ಕೊಡುವುದು 120. ಇಲ್ಲಿಯ ವೋಲ್ಟೇಜಿನ ಗ್ರೈಂಡರ್ ಸಿಗುತ್ತದೆ, ಅದನ್ನೇ ಕೊಳ್ಳಿ. ಅದನ್ನು ಎತ್ತರದ ಶೆಲ್ಫಿನಲ್ಲಿ ಮಾತ್ರ ಇಡಬೇಡಿ. ಒಲೆಯ ನೇರಕ್ಕೆ ಮೇಲೆ ಫ್ಯಾನ್ ಬೇಕೇ ಬೇಕು. ಒಂದು ಒಗ್ಗರಣೆಗೆ ಹಾಸಿಗೆವರೆಗೂ ಘಾಟು ಹೋಗುತ್ತದೆ.

ಅಳತೆ ನಾನು ಹೇಳುವುದಿಲ್ಲ. ಮಾಸ್ಕಿಂಗ್ ಟೇಪ್ ತಗೊಂಡು ನೆಲದ ಮೇಲೆ ಪ್ಲಾನ್ ಪೂರ್ತಿ ಅಂಟಿಸಿ. ಕಟ್ಟೆಯ ಜಾಗದಲ್ಲಿ ರಟ್ಟಿನ ಡಬ್ಬ ಜೋಡಿಸಿ. ಅವರು ದೋಸೆ ಹುಯ್ಯುವ ಹಾಗೆ ನಿಲ್ಲಲಿ, ನೀವು ತುಂಬಿದ ಬಕೆಟ್ ಹಿಡಿದು ಅವರ ಹಿಂದಿನಿಂದ ಹಾದುಹೋಗಿ. ಎಲ್ಲಿ ತಾಗಿತು ಅಂತ ಫೋಟೊ ಹಾಕಿ, ನೋಡೋಣ.